ಲಿನಕ್ಸಿನಲ್ಲಿ ನಿಧಾನ ವೈಫೈ: ಹಳೆಯ ಕಾರ್ಡು, ಯುಎಸ್‌ಬಿ ಡಾಂಗಲ್, ಇಂಟೆಲ್ ಎಎಕ್ಸ್200

ಲ್ಯಾಪ್‌ಟಾಪಿನೊಳಗೆ ಕೂರುವ ಇಂಟೆಲ್ ಎಎಕ್ಸ್200 ವೈಫೈ ಕಾರ್ಡನ್ನು ಮೊದಲೇ ಕೊಂಡಿದ್ದರೆ, ಹೊರಗಿನಿಂದ ಯುಎಸ್‌ಬಿಗೆ ಸಿಕ್ಕಿಸುವ ವೈಫೈ ಡಾಂಗಲ್ಲಿಗೆ ಸುರಿದ 900 ರೂಪಾಯಿಯೂ ಎರಡು ಭಾನುವಾರಗಳೂ ನನಗೆ ಉಳಿಯುತ್ತಿದ್ದವು. ತುಮಕೂರಿನ ನಮ್ಮ ಹಳೆಯ ಮನೆಯಲ್ಲಿ ರೂಟರ್ ಇರುವುದು ಪಡಸಾಲೆಯಲ್ಲಿ, ನನ್ನ ಮೇಜು ಇರುವುದು ದಪ್ಪನೆಯ ಕಲ್ಲುಗೋಡೆಯ ಆಚೆಗಿನ ಕೋಣೆಯಲ್ಲಿ. ಅದೇ ಮೇಜಿನ ಮೇಲೆ ಫೋನಿಗೆ ಸಲೀಸಾಗಿ ಸಿಗುತ್ತಿದ್ದ ವೇಗ ಡೆಬಿಯನ್ 12 ಎಂಬ ಲಿನಕ್ಸ್ ಹಾಕಿದ ಲ್ಯಾಪ್‌ಟಾಪಿಗೆ ಸಿಗುತ್ತಿರಲಿಲ್ಲವಾದ್ದರಿಂದ ತಪ್ಪನ್ನು ಗೋಡೆಯ ಮೇಲೆ ಹೊರಿಸುವಂತಿರಲಿಲ್ಲ.

ಲ್ಯಾಪ್‌ಟಾಪಿನ ಜೊತೆಗೇ ಬಂದ ಕಾರ್ಡು 2.4 ಗಿಗಾಹರ್ಟ್ಸ್‌ಗೆ ಸೀಮಿತವಾದ, ಒಂದೇ ಆಂಟೆನಾದ ಅಗ್ಗದ ಮಾಲು. ನೆಟ್ ಸಂಪರ್ಕ ನೋಡಿಕೊಳ್ಳುವ ನೆಟ್‌ವರ್ಕ್ ಮ್ಯಾನೇಜರಿನ ಸೆಟ್ಟಿಂಗ್ ಕಡತದಲ್ಲಿ ವೈಫೈ ಪವರ್‌ಸೇವ್ ಮೌಲ್ಯವನ್ನು 2 ಎಂದು ಬರೆದು ವಿದ್ಯುತ್ ಉಳಿತಾಯವನ್ನು ನಿಲ್ಲಿಸಿದ ಮೇಲೆ, ರೂಟರಿಗೆ ಕಳಿಸಿದ ಪಿಂಗ್ (ಉತ್ತರ ಬರಲು ಹಿಡಿಯುವ ಸಮಯ) 200 ಮಿಲಿಸೆಕೆಂಡಿನಿಂದ 5ಕ್ಕೆ ಇಳಿಯಿತು. ಬಿಡಿಗಾಸಿನ ಖರ್ಚಿಲ್ಲದ ಈ ಉಪಾಯವನ್ನು ಯಾರೇ ಆದರೂ ಮೊದಲು ಮಾಡಿ ನೋಡಬೇಕು. ಆದರೆ ಬ್ಲೂಟೂತ್ ಹೆಡ್‌ಫೋನ್ ಹಚ್ಚಿದೊಡನೆ ವೇಗ ಮತ್ತೆ ಕುಸಿಯುತ್ತಿತ್ತು, ಏಕೆಂದರೆ ಎರಡೂ ಒಂದೇ ತರಂಗಪಟ್ಟಿಯಲ್ಲಿ ಕೆಲಸ ಮಾಡುತ್ತವೆ.

ಡಾಂಗಲ್ಲಿನ ಕಥೆಯೇ ಬೇರೆ. ಪೆಟ್ಟಿಗೆಯ ಮೇಲೆ ಲಿನಕ್ಸಿಗೆ ಹೊಂದುತ್ತದೆ ಎಂದು ಬರೆದಿತ್ತು. ಹೊಂದುವುದೆಂದರೆ ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರಿನ ಮೂಲ ಸಂಕೇತವನ್ನು ನಾವೇ ಇಳಿಸಿಕೊಂಡು ಡಿಕೆಎಂಎಸ್ ಎಂಬ ಸಲಕರಣೆಯ ಮೂಲಕ ಕಟ್ಟಿಕೊಳ್ಳಬೇಕು ಎಂಬುದು ಮನೆಗೆ ತಂದ ಮೇಲೆ ತಿಳಿಯಿತು. ಕಟ್ಟಿದೆ, ವೇಗವೂ ಬಂತು. ಮೂರು ವಾರಗಳ ನಂತರ ಲಿನಕ್ಸಿನ ತಿರುಳಾದ ಕರ್ನಲ್ಲಿನ ಭದ್ರತಾ ಅಪ್‌ಡೇಟ್ ಹಾಕಿ ಮತ್ತೆ ಚಾಲೂ ಮಾಡಿದರೆ ವೈಫೈಯೇ ಮಾಯ. ಹೊಸ ಕರ್ನಲ್ ಬಂದಾಗಲೆಲ್ಲ ಹೊರಗಿನ ಡ್ರೈವರನ್ನು ಅದಕ್ಕೆ ತಕ್ಕಂತೆ ಮತ್ತೆ ಕಟ್ಟಬೇಕು. ಡಿಕೆಎಂಎಸ್ ಆ ಕೆಲಸವನ್ನು ತಾನೇ ಮಾಡುತ್ತದೆ, ಆದರೆ ಕಟ್ಟಲು ಬೇಕಾದ ಆ ಕರ್ನಲ್ಲಿನ ಹೆಡರ್ ಕಡತಗಳು ಇದ್ದರೆ ಮಾತ್ರ. ನಾನು ಹಳೆಯ ಕರ್ನಲ್ಲಿನ ಹೆಡರ್‌ಗಳನ್ನಷ್ಟೇ ಹಾಕಿಕೊಂಡಿದ್ದೆ. ಹೊಸದನ್ನು ಇಳಿಸಿಕೊಳ್ಳಲು ನೆಟ್ ಬೇಕು, ನೆಟ್ ಬರಲು ಹೆಡರ್ ಬೇಕು! ಕೊನೆಗೆ ಫೋನನ್ನು ಕೇಬಲ್ಲಿನಿಂದ ಸಿಕ್ಕಿಸಿ, ಯುಎಸ್‌ಬಿ ಟೆದರಿಂಗ್ ಮಾಡಿ ಇಳಿಸಿಕೊಂಡೆ. ಹೆಡರ್‌ಗಳೂ ಕರ್ನಲ್ಲಿನೊಂದಿಗೇ ಬರುವಂತೆ ಮೆಟಾ ಪ್ಯಾಕೇಜನ್ನೂ ಹಾಕಿದೆ. ಮುಂದಿನ ಅಪ್‌ಡೇಟಿನಲ್ಲಿ ಹೆಡರ್ ಇದ್ದರೂ ಡ್ರೈವರ್ ಕಟ್ಟಿಕೊಳ್ಳಲಿಲ್ಲ, ನಾನು ಕೈಮುಗಿದೆ.

ಎಎಕ್ಸ್200ರ ಡ್ರೈವರ್ ಐಡಬ್ಲ್ಯೂಎಲ್‌ವೈಫೈ ಕರ್ನಲ್ಲಿನೊಳಗೇ ಇದೆ. ಕಾರ್ಡಿನೊಳಗೆ ಓಡುವ ತಂತ್ರಾಂಶವಾದ ಫರ್ಮ್‌ವೇರನ್ನು ಡೆಬಿಯನ್ 12ರ ಅನುಸ್ಥಾಪನಾ ಮಾಧ್ಯಮವೇ ಒದಗಿಸುತ್ತದೆ. ಕಾರ್ಡು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 1,800 ರೂಪಾಯಿಗೆ ಸಿಕ್ಕಿತು. ಅಂಗಡಿಯವರು ಮೊದಲು ಕೈಗಿಟ್ಟದ್ದು ಎಎಕ್ಸ್201. ಒಂದೇ ಅಂಕಿಯ ವ್ಯತ್ಯಾಸವಾದರೂ ಅದು ಹೊಂದಿಕೆಯುಳ್ಳ ಇಂಟೆಲ್ ಯಂತ್ರಗಳಲ್ಲಿ ಮಾತ್ರ ನಡೆಯುತ್ತದೆ, ನನ್ನದು ಎಎಂಡಿ ಪ್ರೊಸೆಸರಿನದು. ಹಳೆಯ ಕಾರ್ಡಿಗೆ ಒಂದೇ ಆಂಟೆನಾ ತಂತಿ ಸಿಕ್ಕಿಸಿತ್ತು. ಎರಡನೆಯದು ಅಂಟುಪಟ್ಟಿಯಡಿ ಸುಮ್ಮನೆ ಮಲಗಿತ್ತು. ಸಾಸಿವೆ ಕಾಳಿಗಿಂತ ತುಸುವೇ ದೊಡ್ಡದಾದ ಅದರ ತುದಿಯನ್ನು ಉಗುರಿನಿಂದ ನೇರವಾಗಿ ಒತ್ತಿದಾಗ ಟಿಕ್ ಎಂದು ಕೂತಿತು. ಗೋಡೆಯಾಚೆಯ ಅದೇ ಮೇಜಿನ ಮೇಲೆ 5 ಗಿಗಾಹರ್ಟ್ಸ್‌ನಲ್ಲಿ ಈಗ 140 ಎಂಬಿಪಿಎಸ್ ಬರುತ್ತಿದೆ, ಹಳೆಯದರಲ್ಲಿ 12 ಇತ್ತು.

ಅಪ್‌ಡೇಟನ್ನು ಬಂದ ದಿನವೇ ಹಾಕುವ ನನ್ನಂಥವರಿಗೆ ಡಾಂಗಲ್ ಉಳಿಸಿಕೊಡುವ 900 ರೂಪಾಯಿ ಉಳಿತಾಯವೇ ಅಲ್ಲ. ಲ್ಯಾಪ್‌ಟಾಪ್ ಬಿಚ್ಚಲು ಅಂಜುವವರು ಎಂಟಿ7612ಯು ಚಿಪ್ಪಿನ ಡಾಂಗಲ್ ಹುಡುಕಲಿ, ಅದರ ಡ್ರೈವರ್ 4.19ನೇ ಆವೃತ್ತಿಯಿಂದಲೇ ಕರ್ನಲ್ಲಿನಲ್ಲಿದೆ.