ಚಾರ್ಮಾಡಿ ಏರಿನಲ್ಲಿ ಸುಟ್ಟ ಕ್ಲಚ್: ಎಎಂಟಿ ಕಾರು ಕೊಳ್ಳುವ ಮುಂಚೆ ಇದನ್ನು ಓದಿ

ಮೊದಲು ಬಂದದ್ದು ವಾಸನೆ. ಕಾದ ಹಂಚಿನ ಮೇಲೆ ಹವಾಯಿ ಚಪ್ಪಲಿ ಇಟ್ಟ ಹಾಗೆ. ಹಿಂದಿನ ಸೀಟಿನಿಂದ ಮಗಳು "ಅಪ್ಪಾ, ಏನೋ ಸುಡ್ತಿದೆ" ಅಂದಳು. ಮುಂದಿರುವ ಟೆಂಪೋದ ಬ್ರೇಕ್ ಇರಬೇಕು ಅಂದೆ. ಟೆಂಪೋದ್ದಲ್ಲ, ನಮ್ಮದೇ.

ಬೆಳ್ತಂಗಡಿಯ ಅತ್ತೆ ಮನೆಯಿಂದ ಬೆಂಗಳೂರಿಗೆ ವಾಪಸ್ ಹೊರಟಿದ್ದೆವು. ಜುಲೈ ತಿಂಗಳು, ಭಾನುವಾರ, ಮಳೆ. ಚಾರ್ಮಾಡಿ ಘಾಟಿಯ ನಾಲ್ಕೈದು ತಿರುವು ಹತ್ತಿದ ಮೇಲೆ ಸಾಲು ನಿಂತಿತ್ತು. ಮೇಲೆ ಎಲ್ಲೋ ಮರ ಬಿದ್ದಿದೆ, ಒಂದು ಬದಿಯಿಂದ ಮಾತ್ರ ಬಿಡುತ್ತಿದ್ದಾರೆ ಅಂದರು. ಹತ್ತು ಅಡಿ ಹೋಗುವುದು, ನಿಲ್ಲುವುದು. ಮತ್ತೆ ಹತ್ತು ಅಡಿ. ಹೀಗೆ ಮುಕ್ಕಾಲು ಗಂಟೆ.

ನನ್ನದು ಎಎಂಟಿ (ಆಟೋಮೇಟೆಡ್ ಮ್ಯಾನ್ಯುಯಲ್ ಟ್ರಾನ್ಸ್‌ಮಿಷನ್) ಕಾರು, ಅಂದರೆ ಕ್ಲಚ್ ಪೆಡಲ್ ಇಲ್ಲ, ಗೇರು ತಾನಾಗಿಯೇ ಬದಲಾಗುತ್ತದೆ. ಬ್ರೇಕ್ ಬಿಟ್ಟರೆ ಹಿಲ್ ಹೋಲ್ಡ್ ಎರಡು ಮೂರು ಸೆಕೆಂಡ್ ಹಿಡಿಯುತ್ತದೆ, ಆಮೇಲೆ ಕಾರು ಹಿಂದಕ್ಕೆ ಜಾರುತ್ತದೆ. ಹಿಂದೆ ಅಂಟಿಕೊಂಡು ಒಂದು ಜೀಪು ಬೇರೆ ಇತ್ತು. ಹಾಗಾಗಿ ನಾನು ಸುಲಭದ ದಾರಿ ಹಿಡಿದೆ. ಬ್ರೇಕ್ ಒತ್ತುವ ಬದಲು ಆಕ್ಸಿಲರೇಟರ್ ಮೇಲೆ ಸ್ವಲ್ಪ ಕಾಲಿಟ್ಟು, ಕಾರು ಮುಂದೆಯೂ ಹೋಗದ ಹಾಗೆ, ಹಿಂದೆಯೂ ಜಾರದ ಹಾಗೆ ನಿಲ್ಲಿಸಿಕೊಂಡೆ. ಒಳ್ಳೆ ಡ್ರೈವರ್ ನಾನು ಅಂತ ಒಳಗೊಳಗೇ ಖುಷಿ.

ಡ್ಯಾಶ್‌ಬೋರ್ಡಿನಲ್ಲಿ ಏನೋ ಮಿನುಗಿತು, ಬೀಪ್ ಬೀಪ್ ಅಂದಿತು. ಯಾವುದೋ ಬಾಗಿಲು ಸರಿಯಾಗಿ ಹಾಕಿಲ್ಲ ಅಂದುಕೊಂಡೆ. ಹೆಂಡತಿ ಬಗ್ಗಿ ಓದಿ, "ಟ್ರಾನ್ಸ್‌ಮಿಷನ್ ಬಿಸಿ ಆಗಿದೆ ಅಂತಿದೆ ನೋಡಿ" ಅನ್ನುವಷ್ಟರಲ್ಲಿ ಗೇರು ತಾನಾಗಿಯೇ ನ್ಯೂಟ್ರಲ್‌ಗೆ ಬಿತ್ತು. ಇಂಜಿನ್ ಒಂದೇ ಸಮ ಕೂಗಿತು, ಕಾರು ಹಿಂದಕ್ಕೆ ಹೊರಟಿತು. ಬ್ರೇಕ್ ತುಳಿದು ಹ್ಯಾಂಡ್ ಬ್ರೇಕ್ ಎಳೆಯುವಷ್ಟರಲ್ಲಿ ಜೀಪಿಗೂ ನಮಗೂ ನಡುವೆ ಒಂದು ಗೇಣು ಉಳಿದಿತ್ತು. ಒಂದು ಪಕ್ಕಕ್ಕೆ ಕಣಿವೆ. ಅದನ್ನು ಆಗ ಯಾರೂ ನೋಡಲಿಲ್ಲ, ಆಮೇಲೆ ಎಲ್ಲರೂ ನೋಡಿದೆವು.

ಜೀಪಿನ ಡ್ರೈವರ್ ಉಜಿರೆ ಕಡೆಯವರು. ಇಳಿದು ಬಂದು ಬಯ್ಯುತ್ತಾರೆ ಅಂದುಕೊಂಡೆ. ಮೂಗಿಗೆ ವಾಸನೆ ಬಡಿದದ್ದೇ "ಕ್ಲಚ್ ಹೋಯ್ತು ಮಾರಾಯ್ರೇ" ಅಂದರು.

"ಇದರಲ್ಲಿ ಕ್ಲಚ್ ಇಲ್ವಲ್ಲ, ಆಟೋಮ್ಯಾಟಿಕ್" ಅಂದೆ ನಾನು.

ಅವರು ನನ್ನ ಮುಖ ನೋಡಿದ ರೀತಿ ಇವತ್ತಿಗೂ ಮರೆತಿಲ್ಲ.

ಈ ಬರಹ ಆ ಒಂದು ಮಾತಿನ ಬಗ್ಗೆ. ಎರಡೇ ಪೆಡಲ್ ಇರುವ ಕಾರಿನಲ್ಲಿ ಕ್ಲಚ್ ಇಲ್ಲ ಅಂತ ನಂಬಿ ಲಕ್ಷಗಟ್ಟಲೆ ಕೊಟ್ಟು ಕಾರು ತಂದವನು ನಾನು. ಎಎಂಟಿಯಲ್ಲಿ ಇಲ್ಲದಿರುವುದು ಕ್ಲಚ್ ಪೆಡಲ್ ಮಾತ್ರ. ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್, ಗೇರ್ ಬಾಕ್ಸ್ ಎಲ್ಲ ಮ್ಯಾನ್ಯುಯಲ್ ಕಾರಿನದ್ದೇ. ನಿಮ್ಮ ಎಡಗಾಲು ಮತ್ತು ಎಡಗೈ ಮಾಡುತ್ತಿದ್ದ ಕೆಲಸವನ್ನು ಒಂದು ಕಂಪ್ಯೂಟರ್ ಮತ್ತು ಆಕ್ಚುಯೇಟರ್ ಅನ್ನುವ ಸಾಧನ ಮಾಡುತ್ತವೆ, ಅಷ್ಟೇ. ಏರಿನಲ್ಲಿ ನಾನು ಆಕ್ಸಿಲರೇಟರ್ ಒತ್ತಿ ಕಾರು ನಿಲ್ಲಿಸಿಕೊಂಡಾಗ ಒಳಗೆ ಅದು ಹಾಫ್ ಕ್ಲಚ್ ಹಿಡಿದು ಕೂತಿತ್ತು. ಇಂಜಿನ್ ತಿರುಗುತ್ತಿದೆ, ಚಕ್ರ ನಿಂತಿದೆ, ನಡುವೆ ಕ್ಲಚ್ ಪ್ಲೇಟ್ ಸಾಣೆ ಕಲ್ಲಿಗೆ ಹಿಡಿದ ಕತ್ತಿಯ ಹಾಗೆ ಉಜ್ಜುತ್ತಿದೆ. ಮುಕ್ಕಾಲು ಗಂಟೆ! ಮ್ಯಾನ್ಯುಯಲ್ ಕಾರಿನಲ್ಲಿ ಹೀಗೆ ಮಾಡಿದ್ದರೆ ಡ್ರೈವಿಂಗ್ ಕಲಿಸಿದ ಮೇಷ್ಟ್ರು ಮೊದಲ ದಿನವೇ ತಲೆಗೆ ಮೊಟಕುತ್ತಿದ್ದರು.

ಹಾಗಾದರೆ ತಪ್ಪು ನನ್ನದೇ ಅಲ್ವಾ ಅಂತ ಕೇಳಬಹುದು. ಅರ್ಧ ನನ್ನದು, ಒಪ್ಪುತ್ತೇನೆ. ಇನ್ನರ್ಧ ಶೋರೂಮಿನದ್ದು.

ಎಡಮಂಡಿ ನೋವಿಗೆ ಡಾಕ್ಟರು ಟ್ರಾಫಿಕ್‌ನಲ್ಲಿ ಕ್ಲಚ್ ತುಳಿಯುವುದು ಕಡಿಮೆ ಮಾಡಿ ಅಂದಿದ್ದರು. ದಿನಾ ಟಿನ್ ಫ್ಯಾಕ್ಟರಿ ದಾಟಿ ಸಿಲ್ಕ್ ಬೋರ್ಡ್ ತನಕ ಹೋಗುವವನಿಗೆ ಅದು ಡಾಕ್ಟರ ಸಲಹೆ ಅಲ್ಲ, ವರ. ಹೆಂಡತಿ ಮಾತ್ರ "ಊರಿಗೆ ಹೋಗೋಕೆ ಮ್ಯಾನ್ಯುಯಲ್ಲೇ ಸರಿ" ಅಂದಿದ್ದಳು. ಕೇಳಬೇಕಲ್ಲ.

ಶೋರೂಮಿನಲ್ಲಿ ಅದೇ ಕಾರು ಮೂರು ತರ ಇತ್ತು. ಮ್ಯಾನ್ಯುಯಲ್ 8.45 ಲಕ್ಷ, ಎಎಂಟಿ 8.95 ಲಕ್ಷ. ದೊಡ್ಡ ಇಂಜಿನ್ನಿನ, ಟಾರ್ಕ್ ಕನ್ವರ್ಟರ್ ಇರುವ ಆಟೋಮ್ಯಾಟಿಕ್ 10.30 ಲಕ್ಷ. ಎಲ್ಲ ಎಕ್ಸ್ ಶೋರೂಮ್ ಬೆಲೆ. ಕೊನೆಯದು ಯಾಕೆ ಅಷ್ಟು ಜಾಸ್ತಿ ಅಂತ ಕೇಳಿದೆ. "ಇಂಜಿನ್ ಬೇರೆ ಸಾರ್. ಗೇರ್ ವಿಷಯಕ್ಕೆ ಬಂದ್ರೆ ಎರಡೂ ಆಟೋಮ್ಯಾಟಿಕ್ಕೇ" ಅಂದ ಹುಡುಗ. ನಾನು ತೆರಿಗೆ ಲೆಕ್ಕ ಹಾಕಿದೆ. ನಮ್ಮಲ್ಲಿ ಪೆಟ್ರೋಲ್ ಕಾರಿನ ಬೆಲೆ 5ರಿಂದ 10 ಲಕ್ಷದೊಳಗಿದ್ದರೆ ಜೀವಾವಧಿ ತೆರಿಗೆ ನೂರಕ್ಕೆ 14. ಹತ್ತು ಲಕ್ಷ ದಾಟಿತೋ, ನೂರಕ್ಕೆ 17. ಆ ತೆರಿಗೆಯ ಮೇಲೆ ನೂರಕ್ಕೆ 11ರ ಸೆಸ್ ಬೇರೆ. ತೆರಿಗೆಯೊಂದರಲ್ಲೇ ಸುಮಾರು 55 ಸಾವಿರ ವ್ಯತ್ಯಾಸ ಬಂತು. ಎರಡೂ ಆಟೋಮ್ಯಾಟಿಕ್ ಅಂದಮೇಲೆ ಎರಡು ಲಕ್ಷದ ಹತ್ತಿರ ಸುಮ್ನೆ ಯಾಕೆ ಸುರಿಯಬೇಕು? ಅಲ್ಲೇ ಎಡವಿದ್ದು.

ಟೆಸ್ಟ್ ಡ್ರೈವ್ ಬೆಳಿಗ್ಗೆ ಒಂಬತ್ತಕ್ಕೆ, ಖಾಲಿ ರಸ್ತೆಯಲ್ಲಿ, ಅಂಗೈಯಷ್ಟು ಸಮತಟ್ಟಾದ ಮೂರು ಕಿಲೋಮೀಟರ್. ಗೇರು ಬದಲಾಗುವಾಗ ಕಾರು ಒಂದು ಕ್ಷಣ ತಡವರಿಸಿ ನಮ್ಮ ತಲೆ ಮುಂದಕ್ಕೆ ಆಡಿತು. "ಹೊಸ ಗಾಡಿ ಸಾರ್, ಸೆಟ್ ಆಗತ್ತೆ" ಅಂದ. ಸೆಟ್ ಆಗುವುದಿಲ್ಲ. ಒಂದೇ ಕ್ಲಚ್ ಇರುವುದರಿಂದ ಗೇರು ಬದಲಿಸುವಾಗ ಇಂಜಿನ್ನಿನ ಎಳೆತ ಕ್ಷಣಕಾಲ ಕಡಿಯಲೇಬೇಕು. ಎಎಂಟಿಯ ಹುಟ್ಟುಗುಣ ಅದು. ಆಕ್ಸಿಲರೇಟರ್ ಸ್ವಲ್ಪ ಸಡಿಲ ಬಿಟ್ಟರೆ ಕಡಿಮೆ ಅನ್ನಿಸುತ್ತದೆ, ಹೋಗುವುದಿಲ್ಲ.

ಟಾರ್ಕ್ ಕನ್ವರ್ಟರ್ ಅಂದರೆ ಏನು ಅಂತ ನಾನು ಕ್ಲಚ್ ಸುಟ್ಟ ಮೇಲೆ ಕಲಿತೆ. ಅದರಲ್ಲಿ ಇಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಎಣ್ಣೆ ಇರುತ್ತದೆ. ಮಿಕ್ಸಿ ಜಾರಿನಲ್ಲಿ ಕೆಳಗಿನ ಬ್ಲೇಡ್ ತಿರುಗಿದರೆ ಮಜ್ಜಿಗೆ ತಿರುಗುತ್ತದಲ್ಲ, ಆ ಮಜ್ಜಿಗೆಯಲ್ಲಿ ಇನ್ನೊಂದು ಬ್ಲೇಡ್ ಇಳಿಬಿಟ್ಟರೆ ಅದೂ ತಿರುಗುತ್ತದೆ. ಅದೇ ತತ್ವ. ನಿಂತಲ್ಲಿಂದ ಹೊರಡುವಾಗ ಉಜ್ಜಿ ಸವೆಯುವ ಪ್ಲೇಟ್ ಇಲ್ಲ. ಬ್ರೇಕ್ ಬಿಟ್ಟರೆ ಕಾರು ತಾನಾಗಿ ಮೆಲ್ಲಗೆ ತೆವಳುತ್ತದೆ, ಸಣ್ಣ ಏರಿನಲ್ಲಿ ಹಿಂದಕ್ಕೆ ಜಾರುವುದೂ ಇಲ್ಲ. ಪೆಟ್ರೋಲ್ ಸ್ವಲ್ಪ ಜಾಸ್ತಿ ಕುಡಿಯುತ್ತದೆ, ಬೆಲೆಯೂ ಜಾಸ್ತಿ. ಸಿವಿಟಿ ಅನ್ನುವುದು ಇನ್ನೊಂದು ಬಗೆಯ ಆಟೋಮ್ಯಾಟಿಕ್, ಅದರಲ್ಲಿ ಹಲ್ಲಿನ ಗೇರುಗಳ ಬದಲು ಎರಡು ರಾಟೆ, ನಡುವೆ ಒಂದು ಉಕ್ಕಿನ ಬೆಲ್ಟ್. ಊರೊಳಗೆ ಬೆಣ್ಣೆ ಹಾಗೆ ಓಡುತ್ತದೆ, ಜೋರಾಗಿ ಒತ್ತಿದರೆ ಇಂಜಿನ್ ಕೂಗುತ್ತದೆ, ವೇಗ ನಿಧಾನಕ್ಕೆ ಬರುತ್ತದೆ. ಡಿಸಿಟಿ ಅನ್ನುವುದು ಮತ್ತೊಂದು ಬಗೆ, ಅದರಲ್ಲಿ ಒಂದಲ್ಲ, ಎರಡು ಕ್ಲಚ್. 1, 3, 5ನೇ ಗೇರು ಒಂದರಲ್ಲಿ, 2, 4, 6 ಇನ್ನೊಂದರಲ್ಲಿ. ಹಾಗಾಗಿ ಗೇರು ಬಿದ್ದದ್ದೇ ಗೊತ್ತಾಗುವುದಿಲ್ಲ. ಆದರೆ ಅದರಲ್ಲೂ ಡ್ರೈ, ವೆಟ್ ಅಂತ ಎರಡು ಜಾತಿ. ಡ್ರೈ ಇದ್ದರೆ ಜಾಮ್‌ನಲ್ಲೂ ಏರಿನಲ್ಲೂ ನನ್ನ ಕಾರಿನ ಹಾಗೆಯೇ ಬಿಸಿಯಾಗುತ್ತದೆ. ವೆಟ್ ಎಣ್ಣೆಯಲ್ಲಿ ಮುಳುಗಿರುವುದರಿಂದ ಹೆಚ್ಚು ತಡೆಯುತ್ತದೆ.

ಬ್ರೋಷರ್ ನೋಡಿದರೆ ಇದ್ಯಾವುದೂ ನೇರವಾಗಿ ಬರೆದಿರುವುದಿಲ್ಲ. ನಮ್ಮಲ್ಲಿ ಅಗ್ಗದ ಕಾರಿಗೆ ಎಎಂಟಿ ತಂದದ್ದು 2014ರ ಮಾರುತಿ ಸೆಲೆರಿಯೋ. (ನನ್ನ ಕಾರು ಅದಲ್ಲ.) ಅಲ್ಲಿಂದ ಒಬ್ಬೊಬ್ಬರದ್ದು ಒಂದೊಂದು ಹೆಸರು. ಮಾರುತಿಯವರು ಎಜಿಎಸ್ ಅನ್ನುತ್ತಾರೆ, ರೆನೋದವರು ಈಸಿ-ಆರ್ ಅನ್ನುತ್ತಾರೆ. ಎಲ್ಲ ಎಎಂಟಿಯೇ. ಹ್ಯುಂಡೈನವರ ಐವಿಟಿ ಅಂದರೆ ಸಿವಿಟಿ. ಕಿಯಾ, ಹ್ಯುಂಡೈಗಳಲ್ಲಿ ಬಂದ ಐಎಂಟಿ ಅಂದರೆ ಆಟೋಮ್ಯಾಟಿಕ್ ಅಲ್ಲವೇ ಅಲ್ಲ, ಕ್ಲಚ್ ಪೆಡಲ್ ಇಲ್ಲದ ಮ್ಯಾನ್ಯುಯಲ್, ಗೇರು ನೀವೇ ಹಾಕಬೇಕು. ಆದ್ದರಿಂದ ಹೆಸರು ಬಿಡಿ. "ಇದರ ಒಳಗೆ ಕ್ಲಚ್ ಪ್ಲೇಟ್ ಇದೆಯಾ? ಇದ್ದರೆ ಡ್ರೈಯಾ, ವೆಟ್ಟಾ? ಸುಟ್ಟರೆ ವಾರಂಟಿ ಬರುತ್ತಾ?" ಅಂತ ಕೇಳಿ. ಉತ್ತರ ಗೊತ್ತಿಲ್ಲದ ಹುಡುಗ ಒಳಗೆ ಹೋಗಿ ಮ್ಯಾನೇಜರನ್ನು ಕರೆತರುತ್ತಾನೆ. ತರಲಿ ಬಿಡಿ.

ವಾರಂಟಿ ಅಂದ ಕೂಡಲೇ ನೆನಪಾಯಿತು. ಆ ದಿನ ಘಾಟಿಯಲ್ಲಿ ಮೊಬೈಲ್ ಸಿಗ್ನಲ್ ಇರಲಿಲ್ಲ. ಅರ್ಧ ಗಂಟೆ ತಣ್ಣಗಾಗಲು ಬಿಟ್ಟೆವು. ಗೇರು ಬಿತ್ತು, ಆದರೆ ಎಳೆತವೇ ಇಲ್ಲ. ಹೆಂಡತಿ, ಮಗಳು ಯಾರದೋ ವ್ಯಾನಿನಲ್ಲಿ ಕೊಟ್ಟಿಗೆಹಾರ ತಲುಪಿ ಅಲ್ಲಿಂದ ಫೋನ್ ಮಾಡಿದರು. ಕಾರನ್ನು ಹೊತ್ತೊಯ್ಯುವ ಗಾಡಿ ಹಾಸನದಿಂದ ಬರುವಾಗ ಸಂಜೆ ಏಳು ದಾಟಿತ್ತು. ಹಗ್ಗ ಕಟ್ಟಿ ಎಳೆಯೋಣ ಅಂತ ಇಬ್ಬರು ಮೂವರು ಮುಂದೆ ಬಂದಿದ್ದರು, ನಾನೇ ಬೇಡ ಅಂದೆ. ಅದೊಂದು ಸರಿ ಮಾಡಿದ್ದೆ. ಆಟೋಮ್ಯಾಟಿಕ್ ಕಾರನ್ನು, ಅದರಲ್ಲೂ ಟಾರ್ಕ್ ಕನ್ವರ್ಟರ್, ಸಿವಿಟಿ ಕಾರನ್ನು ಇಂಜಿನ್ ತಿರುಗಿಸುವ ಚಕ್ರ ನೆಲದ ಮೇಲಿಟ್ಟು ಎಳೆದರೆ ಗೇರ್ ಬಾಕ್ಸೇ ಹಾಳಾಗಬಹುದು. ಇನ್ನು ಬ್ಯಾಟರಿ ಸತ್ತರೆ ತಳ್ಳಿ ಸ್ಟಾರ್ಟ್ ಮಾಡುವ ಆಟವೂ ಇಲ್ಲಿ ನಡೆಯುವುದಿಲ್ಲ.

ಹಾಸನದ ಸರ್ವಿಸ್ ಸೆಂಟರಿನಲ್ಲಿ ಲ್ಯಾಪ್‌ಟಾಪ್ ಚುಚ್ಚಿ ನೋಡಿ, ಕ್ಲಚ್ ಅತಿಯಾಗಿ ಬಿಸಿಯಾಗಿದೆ, ಇದು ಓಡಿಸಿದವರ ತಪ್ಪು ಅಂದರು. ಕಾರು ಓಡಿದ್ದು 31 ಸಾವಿರ ಕಿಲೋಮೀಟರ್, ವಾರಂಟಿ ಇನ್ನೂ ಇದೆ ಅಂದೆ. ಪುಸ್ತಕ ತೆರೆದು ತೋರಿಸಿದರು. ಬ್ರೇಕ್ ಪ್ಯಾಡ್, ವೈಪರ್ ರಬ್ಬರ್ ಜೊತೆ ಕ್ಲಚ್ ಪ್ಲೇಟೂ "ಸವೆಯುವ ಭಾಗ"ಗಳ ಸಾಲಿನಲ್ಲಿ ಕೂತಿತ್ತು. ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್, ಕೂಲಿ, ಕೊನೆಗೆ ಹೊಸ ಕ್ಲಚ್ಚಿನ ಅಳತೆಯನ್ನು ಕಂಪ್ಯೂಟರಿಗೆ ಕಲಿಸುವ ಕೆಲಸ, ಎಲ್ಲ ಸೇರಿ 24,860 ರೂಪಾಯಿ. ಹೊತ್ತು ತಂದವನಿಗೆ 9,000. ಎಕ್ಸ್‌ಟೆಂಡೆಡ್ ವಾರಂಟಿಗೆ ಕೊಟ್ಟ ಹಣ ನೆನೆದು ಹೊಟ್ಟೆ ಇನ್ನಷ್ಟು ಉರಿಯಿತು.

ಅಲ್ಲಿನ ಹಿರಿಯ ಮೆಕ್ಯಾನಿಕ್ ಹಳೆಯ ಪ್ಲೇಟ್ ಕೈಗಿಟ್ಟರು. ಅಂಚು ನೀಲಿಗಟ್ಟಿತ್ತು. "ಘಾಟಿ ಒಂದೇ ಕಾರಣ ಅಲ್ಲ ಸಾರ್. ಮೊದಲೇ ಅರ್ಧ ತಿಂದಿದೆ. ನಿಮ್ಮ ಮನೆ ಹತ್ರ ಏರು ಇದ್ಯಾ?" ಅಂತ ಕೇಳಿದರು.

ಇದೆ! ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಪಾರ್ಕಿಂಗ್‌ನಿಂದ ಮೇಲೆ ಬರುವ ರ‍್ಯಾಂಪ್. ಕಡಿದಾದ ಏರು, ತುದಿಯಲ್ಲಿ ಹಂಪ್, ಹಂಪಿನಾಚೆ ಮುಚ್ಚಿದ ಗೇಟು. ದಿನಾ ಬೆಳಿಗ್ಗೆ ಸೆಕ್ಯುರಿಟಿಯವರು ಬಂದು ಗೇಟು ತೆಗೆಯುವ ತನಕ ಆ ಏರಿನ ಮೇಲೆ ಆಕ್ಸಿಲರೇಟರ್ ಒತ್ತಿ ನಿಲ್ಲುವುದು ನನ್ನ ಅಭ್ಯಾಸ. ಎರಡೂವರೆ ವರ್ಷ. ಬೆಂಗಳೂರಿನವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಘಾಟಿಗೆ ನಾನು ಹೋಗುವುದೇ ಇಲ್ಲ ಅಂದುಕೊಳ್ಳಬೇಡಿ, ಘಾಟಿ ನಿಮ್ಮ ಕಟ್ಟಡದ ಕೆಳಗೇ ಇರಬಹುದು.

ಈಗ ಏರಿನಲ್ಲಿ ನಿಂತರೆ ಪೂರ್ತಿ ಬ್ರೇಕ್. ಒಂದು ನಿಮಿಷಕ್ಕಿಂತ ಜಾಸ್ತಿ ನಿಲ್ಲಬೇಕಾದರೆ ಹ್ಯಾಂಡ್ ಬ್ರೇಕ್, ನ್ಯೂಟ್ರಲ್. ಹೊರಡುವಾಗ ಹ್ಯಾಂಡ್ ಬ್ರೇಕ್ ಇರುವಾಗಲೇ ಆಕ್ಸಿಲರೇಟರ್ ಕೊಟ್ಟು, ಕಾರು ಎಳೆಯಲು ಶುರು ಮಾಡಿದ ಕೂಡಲೇ ಬಿಡುತ್ತೇನೆ. ಸಾಲು ತೆವಳುತ್ತಿದ್ದರೆ ಮುಂದೆ ಎರಡು ಕಾರಿನಷ್ಟು ಜಾಗ ಆಗುವ ತನಕ ಕಾದು ಒಂದೇ ಸಲಕ್ಕೆ ಹೋಗುತ್ತೇನೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ. ಘಾಟಿ ಹತ್ತುವಾಗಲೂ ಇಳಿಯುವಾಗಲೂ ಮ್ಯಾನ್ಯುಯಲ್ ಮೋಡ್. ಇಲ್ಲದಿದ್ದರೆ ತಿರುವಿನ ನಡುವೆಯೇ ಅದಕ್ಕೆ ಮೂರನೇ ಗೇರು ಬೇಕು ಅನ್ನಿಸಿಬಿಡುತ್ತದೆ. ಹತ್ತುವ ಗೇರಿನಲ್ಲೇ ಇಳಿಯಬೇಕು ಅಂತ ಮಾವ ಹೇಳುತ್ತಿದ್ದರು. ಅವರು ಓಡಿಸಿದ್ದು ಹಳೇ ಜೀಪು, ಮಾತು ನನ್ನ ಕಾರಿಗೂ ಸರಿಯಾಗಿಯೇ ಹೊಂದುತ್ತದೆ.

ಎಎಂಟಿ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ದಾವಣಗೆರೆಯ ನನ್ನ ತಂಗಿ ಆರು ವರ್ಷದಿಂದ ಎಎಂಟಿಯಲ್ಲೇ ಶಾಲೆಗೆ ಹೋಗಿ ಬರುತ್ತಾಳೆ. ಮೈಲೇಜ್ ಮ್ಯಾನ್ಯುಯಲ್ಲಿನಷ್ಟೇ, ಕ್ಲಚ್ ಇನ್ನೂ ಕಂಪನಿಯದ್ದೇ. ಬಯಲು ಸೀಮೆ, ಸಮತಟ್ಟು ರಸ್ತೆ, ಅವಳಿಗೆ ಅದು ಸಾಕು. ಮಡಿಕೇರಿ, ಸಕಲೇಶಪುರ, ತೀರ್ಥಹಳ್ಳಿ ಕಡೆಯವರು, ವಾರವಾರ ಘಾಟಿ ಹತ್ತಿಳಿಯುವವರು ಮಾತ್ರ ಎಎಂಟಿ ಬಿಟ್ಟು ಯೋಚಿಸಿ ಅಂತ ನನ್ನ ಅಭಿಪ್ರಾಯ. ಕೈಯಲ್ಲಿ ದುಡ್ಡಿದ್ದರೆ ಟಾರ್ಕ್ ಕನ್ವರ್ಟರ್. ಇಲ್ಲದಿದ್ದರೆ, ಮಂಡಿ ಗಟ್ಟಿ ಇದ್ದರೆ, ಮ್ಯಾನ್ಯುಯಲ್. ಎಎಂಟಿಗೆ ಕೊಡುವ ಹೆಚ್ಚಿನ 50 ಸಾವಿರ ಉಳಿಯುತ್ತದೆ. ಸೆಕೆಂಡ್ ಹ್ಯಾಂಡ್ ಎಎಂಟಿ ನೋಡುವವರು ಕ್ಲಚ್ ಯಾವಾಗ ಬದಲಾಗಿದೆ ಅಂತ ಸರ್ವಿಸ್ ದಾಖಲೆಯಲ್ಲಿ ನೋಡಿ. ಮೊದಲ ಗೇರಿನಲ್ಲಿ ಹೊರಡುವಾಗ ಕಾರು ನಡುಗಿದರೆ ಬಿಟ್ಟು ಬನ್ನಿ.

ಹೋದ ತಿಂಗಳು ಆಫೀಸಿನ ಗೆಳೆಯನೊಬ್ಬ ಕಾರು ನೋಡಲು ನನ್ನನ್ನೂ ಕರೆದಿದ್ದ. ಶೋರೂಮಿನವರು ಎಂದಿನ ಹಾಗೆ ಖಾಲಿ ರಸ್ತೆ ತೋರಿಸಿದರು. ನಾವು ಮನೆಯವರನ್ನೆಲ್ಲ ಹತ್ತಿಸಿಕೊಂಡು, ಒಟ್ಟು ಐದು ಜನ, ಸೀದಾ ಅವನ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿಸಿದೆವು. ವಾಪಸ್ ರ‍್ಯಾಂಪ್ ಹತ್ತುವಾಗ ನಡುವೆ ನಿಲ್ಲಿಸಿ, ಬ್ರೇಕ್ ಬಿಟ್ಟು, ಮನಸ್ಸಿನಲ್ಲೇ ಮೂರು ಎಣಿಸಿದೆವು. ಮುಂದೆ ಕೂತಿದ್ದ ಶೋರೂಮ್ ಹುಡುಗ ಎರಡು ಕೈಯಲ್ಲೂ ಸೀಟು ಹಿಡಿದುಕೊಂಡ. ಕಾರು ಒಂದೂವರೆ ಅಡಿ ಹಿಂದೆ ಜಾರಿ, ನಡುಗಿ, ಆಮೇಲೆ ಹತ್ತಿತು. ಗೆಳೆಯ ಏನೂ ಮಾತಾಡಲಿಲ್ಲ. ಮೇಲೆ ಬಂದ ಮೇಲೆ, "ಇನ್ನೊಂದು ಗೇರ್ ಬಾಕ್ಸ್ ಇರೋ ಗಾಡಿನೂ ಇದೇ ರ‍್ಯಾಂಪಿಗೆ ತರ್ತೀರಾ?" ಅಂತ ಆ ಹುಡುಗನನ್ನೇ ಕೇಳಿದ.