ಬಳ್ಳಾರಿ ಮಾಳಿಗೆ ಮೇಲೆ ಮೂರು ಕಿಲೋವ್ಯಾಟ್: ಯಾವ ಪ್ಯಾನೆಲ್ ಅಂತ ಕೇಳುವವರಿಗೆ

2025ರ ಜನವರಿಯಲ್ಲಿ ನಮ್ಮ ಮಾಳಿಗೆ ಮೇಲೆ ಸೋಲಾರ್ ಹಾಕಿಸಿದೆವು. ಅವತ್ತಿನಿಂದ ಓಣಿಯವರು, ನೆಂಟರು, ಆಫೀಸಿನವರು ಎಲ್ಲರೂ ಕೇಳುವುದು ಒಂದೇ, "ಯಾವ ಪ್ಯಾನೆಲ್ ಒಳ್ಳೇದು?" ಹಾಕಿಸುವ ಮೊದಲು ನಾನೂ ಎರಡು ತಿಂಗಳು ಇದೇ ತಲೆಬಿಸಿ ಹಚ್ಚಿಕೊಂಡಿದ್ದೆ. ರಾತ್ರಿ ಹನ್ನೊಂದರವರೆಗೆ ವಿಡಿಯೋ ನೋಡುವುದು, ಬೆಳಗ್ಗೆ ಎದ್ದು ಇನ್ನೊಬ್ಬ ಡೀಲರ್‌ಗೆ ಫೋನ್ ಹಚ್ಚುವುದು. ಒಂದು ಬೇಸಿಗೆ, ಒಂದು ಮಳೆಗಾಲ ಕಳೆದ ಮೇಲೆ ಈಗ ಅನಿಸುತ್ತಿದೆ, ಆ ಎರಡು ತಿಂಗಳಲ್ಲಿ ಒಂದೂವರೆ ತಿಂಗಳು ಸುಮ್ನೆ ಹಾಳು ಮಾಡಿದೆ.

ಮೊದಲೇ ಒಂದು ಮಾತು. ನಿಮ್ಮ ಮನೆ ತಿಂಗಳಿಗೆ 200 ಯೂನಿಟ್ ಒಳಗೆ ಇದ್ದು ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತಿದ್ದರೆ, ಅವಸರ ಮಾಡಬೇಡಿ. ಡೀಲರ್ ಏನೇ ಹೇಳಲಿ. ನಮ್ಮದು ಬೇರೆ ಕಥೆ. ಎರಡು ಎಸಿ, ಒಂದು ಬೋರ್ ಮೋಟಾರು, ಏಪ್ರಿಲ್ ಬಂತು ಅಂದರೆ 380ರ ತನಕ ಹೋಗುತ್ತೆ. 200 ದಾಟಿದರೆ ದಾಟಿದ್ದಕ್ಕೆ ಮಾತ್ರ ಅಲ್ಲ, ಪೂರ್ತಿ ಬಿಲ್ಲೇ ಕಟ್ಟಬೇಕು, ಗೊತ್ತಲ್ವಾ. ಕುಡತಿನಿಯಲ್ಲಿ 1,700 ಮೆಗಾವ್ಯಾಟ್‌ನ ಕಲ್ಲಿದ್ದಲು ಸ್ಥಾವರ ಇಟ್ಟುಕೊಂಡ ಊರಿನವರು ನಾವು, ಆದರೂ ಕರೆಂಟ್ ಬಿಲ್ ನೋಡಿ ಬೆವರುವುದು ತಪ್ಪಲಿಲ್ಲ.

ಮೂರು ಕೊಟೇಷನ್ ತಗೊಂಡೆ. ವಾರೀ, ಟಾಟಾ, ಎಂವೀ. ಎಂವೀ ಹೆಸರು ಕೇಳಿದ ತಕ್ಷಣ ಅಮ್ಮ "ನೀರು ಕಾಯಿಸೋ ಕಂಪನಿ ಅಲ್ವೇನೋ ಅದು?" ಅಂದರು. ಹೌದು, ಅದೇ ಬೆಂಗಳೂರಿನ ಕಂಪನಿ, ಪ್ಯಾನೆಲ್ ಕೂಡ ಮಾಡುತ್ತಾರೆ. ಮೂರು ಕಿಲೋವ್ಯಾಟ್‌ಗೆ ಎಲ್ಲ ಸೇರಿ ಒಂದು ಮುಕ್ಕಾಲು ಲಕ್ಷದಿಂದ ಎರಡು ಲಕ್ಷ ಹತ್ತು ಸಾವಿರದವರೆಗೆ ಹೇಳಿದರು. ಪಿಎಂ ಸೂರ್ಯಘರ್ ಸಬ್ಸಿಡಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000. ಮೂರರ ಮೇಲೆ ಎಷ್ಟೇ ಹಾಕಿದರೂ 78,000 ದಾಟಲ್ಲ, ಅದಕ್ಕೇ ಎಲ್ಲರೂ ಮೂರಕ್ಕೇ ನಿಲ್ಲಿಸುವುದು. ನಾವು ಹಾಕಿಸುವಾಗ ಪ್ಯಾನೆಲ್ ಮೇಲೆ ಜಿಎಸ್‌ಟಿ ನೂರಕ್ಕೆ 12 ಇತ್ತು. ಅದೇ ವರ್ಷ ಸೆಪ್ಟೆಂಬರ್ 22ರಿಂದ 5 ಆಯಿತು. ಎಂಟು ತಿಂಗಳು ಕಾದಿದ್ದರೆ ಅಂತ ನಮ್ಮ ಮನೆಯವಳು ಈಗಲೂ ಆಗಾಗ ನೆನಪಿಸುತ್ತಾಳೆ.

ಸಬ್ಸಿಡಿ ಬೇಕು ಅಂದರೆ ಡಿಸಿಆರ್ ಪ್ಯಾನೆಲ್ಲೇ ಆಗಬೇಕು. ಅಂದರೆ ಪ್ಯಾನೆಲ್ ಅಷ್ಟೇ ಅಲ್ಲ, ಅದರೊಳಗಿನ ಸೆಲ್ ಕೂಡ ನಮ್ಮ ದೇಶದಲ್ಲೇ ಆಗಿರಬೇಕು. ಹೊರಗಿನ ಸೆಲ್ ತಂದು ಇಲ್ಲಿ ಜೋಡಿಸಿದ್ದು ಅಗ್ಗ, ಆದರೆ ಸಬ್ಸಿಡಿಗೆ ನಡೆಯಲ್ಲ. ನಾಲ್ಕನೆಯ ಡೀಲರ್ ಒಬ್ಬರು ಎಲ್ಲರಿಗಿಂತ 25,000 ಕಮ್ಮಿ ಹೇಳಿದರು. ಡಿಸಿಆರ್ ಸರ್ಟಿಫಿಕೇಟ್ ಕೊಡ್ತೀರಾ ಅಂತ ಕೇಳಿದ ಮೇಲೆ ಅವರ ಫೋನೇ ಎತ್ತಲಿಲ್ಲ. ಇನ್ನೊಬ್ಬರು ಮಾತಿಗೊಮ್ಮೆ "ಟಿಯರ್ ಒನ್ ಸಾರ್, ಟಿಯರ್ ಒನ್" ಅನ್ನುತ್ತಿದ್ದರು. ಅದು ಬ್ಲೂಮ್‌ಬರ್ಗ್‌ನವರು ಮಾಡುವ ಪಟ್ಟಿ, ಆ ಕಂಪನಿಯ ಪ್ಯಾನೆಲ್ ಹಾಕುವ ದೊಡ್ಡ ಯೋಜನೆಗಳಿಗೆ ಬ್ಯಾಂಕು ಸಾಲ ಕೊಡುತ್ತೋ ಇಲ್ಲವೋ ಅನ್ನುವುದರ ಮೇಲೆ ನಿಂತದ್ದು. ಪ್ಯಾನೆಲ್ ಗುಣಮಟ್ಟಕ್ಕೆ ಕೊಟ್ಟ ಮಾರ್ಕ್ಸ್ ಅಲ್ಲ.

ಈಗ ಪ್ಯಾನೆಲ್ ವಿಷಯಕ್ಕೆ ಬರೋಣ. ನಮ್ಮ ಕಡೆ ಈಗ ಮಾತಿಗೆ ಬರುವುದು ಮೂರು ಥರದ ಪ್ಯಾನೆಲ್. ನೀಲಿ ಬಣ್ಣದ ಹಳೇ ಪಾಲಿ, ಕಪ್ಪಗಿರುವ ಮೋನೋ ಪರ್ಕ್, ಅದಕ್ಕಿಂತ ಹೊಸದು ಟಾಪ್‌ಕಾನ್. ಮೋನೋ ಪರ್ಕ್‌ನಲ್ಲಿ 540 ವ್ಯಾಟ್ ಸಿಗುವ ಅಳತೆಯಲ್ಲೇ ಟಾಪ್‌ಕಾನ್‌ನಲ್ಲಿ 575 ಸಿಗುತ್ತೆ. ಎರಡೂ ಏಳೂವರೆ ಅಡಿ ಉದ್ದ, ಮೂರು ಮುಕ್ಕಾಲು ಅಡಿ ಅಗಲ. ಜಾಗ ಚಿಕ್ಕದಿದ್ದರೆ ಟಾಪ್‌ಕಾನ್ ಕಣ್ಣು ಮುಚ್ಚಿ ತಗೊಳ್ಳಿ. ನಮಗೆ ಜಾಗ ಇತ್ತು, ಹಾಗಾಗಿ ವಾರೀ 540 ಮೋನೋ ಪರ್ಕ್ ಆರು ಹಾಕಿಸಿದೆವು. ಎದುರು ಮನೆಯವರು ಎರಡು ತಿಂಗಳು ಬಿಟ್ಟು ಬೇರೆ ಕಂಪನಿಯ ಟಾಪ್‌ಕಾನ್ 575 ಆರು ಹಾಕಿಸಿದರು. ಅವರದ್ದೂ ತೆಂಕಣ ದಿಕ್ಕು, ಅಷ್ಟೇ ಓರೆ. ಹೋಲಿಸಿ ನೋಡೋಕೆ ಇದಕ್ಕಿಂತ ಒಳ್ಳೆಯ ಜೋಡಿ ಎಲ್ಲಿ ಸಿಗುತ್ತೆ?

ಟಾಪ್‌ಕಾನ್ ಮಾರುವವರೆಲ್ಲ ಹೇಳುವುದು "ನಿಮ್ಮ ಬಳ್ಳಾರಿ ಬಿಸಿಲಿಗೆ ಇದೇ ಸರಿ" ಅಂತ. ಮಾತು ಸುಳ್ಳಲ್ಲ. ಪ್ಯಾನೆಲ್‌ಗೆ ಬೇಕಾಗಿರುವುದು ಬೆಳಕು, ಶಾಖ ಅಲ್ಲ. ಡಬ್ಬದ ಮೇಲೆ ಬರೆದ 540 ವ್ಯಾಟ್, ಸೆಲ್ 25 ಡಿಗ್ರಿ ಇದ್ದಾಗ ಬರುವ ಲೆಕ್ಕ. ಅಲ್ಲಿಂದ ಮೇಲಕ್ಕೆ ಒಂದೊಂದು ಡಿಗ್ರಿಗೂ ಪಾಲಿ ನೂರಕ್ಕೆ ಸುಮಾರು 0.40 ಕಳ್ಕೊಳ್ಳುತ್ತೆ, ಪರ್ಕ್ 0.35, ಟಾಪ್‌ಕಾನ್ 0.30. ನಮ್ಮ ಪ್ಯಾನೆಲ್ ಎಷ್ಟು ಕಾಯುತ್ತೆ ನೋಡೋಣ ಅಂತ ಏಪ್ರಿಲ್‌ನ ಒಂದು ಮಧ್ಯಾಹ್ನ ಕೊರೋನಾ ಕಾಲದ ಜ್ವರ ನೋಡುವ ಗನ್ ಹಿಡಿದುಕೊಂಡು ಮೇಲೆ ಹೋದೆ. ಅದು ಬರೀ "ಹೈ" ಅಂತ ತೋರಿಸಿ ಕೆಂಪಗಾಯಿತು. ಪಾಪ, ಅದಕ್ಕೆ ಮನುಷ್ಯರ ಜ್ವರ ಮಾತ್ರ ಗೊತ್ತು. ಆಮೇಲೆ ಸ್ಪಾಂಜ್ ಐರನ್ ಕಾರ್ಖಾನೆಯಲ್ಲಿ ಕೆಲಸ ಮಾಡುವ ಭಾವ ತಮ್ಮ ಗನ್ ತಂದು ಪ್ಯಾನೆಲ್ ಬೆನ್ನಿಗೆ ಹಿಡಿದರು. 64 ಡಿಗ್ರಿ. ಅಂದರೆ 25ಕ್ಕಿಂತ 39 ಜಾಸ್ತಿ. ಪರ್ಕ್‌ಗೆ ನೂರಕ್ಕೆ ಹದಿಮೂರೂವರೆ ಹೋಯಿತು, ಟಾಪ್‌ಕಾನ್‌ಗೆ ಹನ್ನೊಂದೂ ಮುಕ್ಕಾಲು. ವ್ಯತ್ಯಾಸ ನೂರಕ್ಕೆ ಎರಡು. ಮೂರು ಕಿಲೋವ್ಯಾಟ್‌ನಲ್ಲಿ ಅದು ಒಂದು ಸೀಲಿಂಗ್ ಫ್ಯಾನ್ ತಿರುಗುವಷ್ಟು, ಅದೂ ನಡುಮಧ್ಯಾಹ್ನ ಮಾತ್ರ. ಎರಡು ತಿಂಗಳು ನಿದ್ದೆಗೆಟ್ಟಿದ್ದು ಈ ಒಂದು ಫ್ಯಾನ್‌ಗೆ!

ಎದುರು ಮನೆಯವರೂ ನಾನೂ ಒಂದೇ ದಿನದ ಲೆಕ್ಕ ಹಿಡಿದು ನೋಡಿದೆವು. ಎರಡೂ ಮನೆಯವರು ಹಿಂದಿನ ದಿನ ತೊಳೆದಿದ್ದೆವು. ಅವರದ್ದು 14.1 ಯೂನಿಟ್, ನಮ್ಮದು 13.2. ನೋಡಿದ ಕೂಡಲೇ ಅವರ ಮುಖ ಅರಳಿತು. ಆದರೆ ಅವರದ್ದು 3.45 ಕಿಲೋವ್ಯಾಟ್, ನಮ್ಮದು 3.24. ಭಾಗಿಸಿದರೆ ಇಬ್ಬರದ್ದೂ ಕಿಲೋವ್ಯಾಟ್‌ಗೆ ನಾಲ್ಕು ಯೂನಿಟ್ ಚಿಲ್ಲರೆ, ಹೆಚ್ಚುಕಮ್ಮಿ ಸಮ. ಗಂಗಾವತಿಯಲ್ಲಿ ನಮ್ಮ ಸೋದರಮಾವ 2017ರಲ್ಲೇ ಪಾಲಿ ಹಾಕಿಸಿದ್ದಾರೆ, 330 ವ್ಯಾಟ್‌ನ ಹತ್ತು ಪ್ಯಾನೆಲ್. ಅವು ಇವತ್ತಿಗೂ ದಿನಕ್ಕೆ ಹನ್ನೊಂದೂವರೆ ಯೂನಿಟ್ ಕೊಡುತ್ತಿವೆ. ಜಾಗ ಜಾಸ್ತಿ ತಿನ್ನುತ್ತವೆ, ನಿಜ. ಅಲ್ಲಿನ ತಲೆನೋವು ಕೋತಿಗಳದ್ದು. ಬೆಳಗಿನ ಬಿಸಿಲಿಗೆ ಪ್ಯಾನೆಲ್ ಮೇಲೆ ಸಾಲಾಗಿ ಕೂರುತ್ತವೆ, ಮಾವ ಕೆಳಗಿನಿಂದ ಕೋಲು ಬಡಿಯುತ್ತಾರೆ, ಅವು ಒಂದು ಪ್ಯಾನೆಲ್ ಪಕ್ಕಕ್ಕೆ ಸರಿಯುತ್ತವೆ.

ನಮ್ಮಲ್ಲಿ ಕೋತಿ ಇಲ್ಲ. ಧೂಳಿದೆ. ನನಗೆ ಯಾರೂ ಹೇಳದೇ ಇದ್ದ, ನಾನೂ ಕೇಳದೇ ಇದ್ದ ವಿಷಯ ಇದೇ. ಕೆಂಪು ಧೂಳು, ಮೇಲೆ ಕಪ್ಪು ಮಸಿ, ಎರಡೂ ಸೇರಿ ಗಾಜಿನ ಮೇಲೆ ಪದರ ಕಟ್ಟುತ್ತೆ. ಮಾರ್ಚ್‌ನಲ್ಲಿ ಮಗಳ ಪರೀಕ್ಷೆ, ಊರಿನ ಜಾತ್ರೆ ಅಂತ ಮೂರು ವಾರ ಮೇಲೆ ಹೋಗಲಿಲ್ಲ. ಆಪ್‌ನಲ್ಲಿ ದಿನದ ಉತ್ಪಾದನೆ ಇಳಿಯುತ್ತಾ ಬಂದು 10.9ಕ್ಕೆ ನಿಂತಿತು. ನಾನು ಪ್ಯಾನೆಲ್ ಕರೆಂಟನ್ನು ಮನೆ ಕರೆಂಟಾಗಿ ಬದಲಿಸುವ ಇನ್ವರ್ಟರ್ ಕೆಟ್ಟಿತೇನೋ ಅಂದುಕೊಂಡೆ. ಹಳೇ ಬಿಳಿ ಪಂಚೆ ಒದ್ದೆ ಮಾಡಿ ಒಂದು ಪ್ಯಾನೆಲ್ ಒರೆಸಿದೆ, ಪಂಚೆ ಕಾಫಿ ಡಿಕಾಕ್ಷನ್‌ನಲ್ಲಿ ಅದ್ದಿ ತೆಗೆದ ಹಾಗಾಯಿತು. ಆರೂ ತೊಳೆದ ಮಾರನೇ ದಿನ 13.1. ಅಷ್ಟು ದಿನ ಆರು ಪ್ಯಾನೆಲ್‌ಗೆ ದುಡ್ಡು ಕೊಟ್ಟು ಐದೇ ಓಡಿಸುತ್ತಿದ್ದೆ ಅಂದ ಹಾಗೆ. ಪರ್ಕ್ ಟಾಪ್‌ಕಾನ್ ನಡುವಿನ ನೂರಕ್ಕೆ ಎರಡು ಎಲ್ಲಿ, ಇದು ಎಲ್ಲಿ!

"ಮಳೆ ಬಂದರೆ ತಾನೇ ತೊಳೆಯುತ್ತೆ" ಅಂತ ಬೆಂಗಳೂರಿನವರು ಹೇಳಿದರೆ ನಂಬಬೇಡಿ. ನಮ್ಮ ಊರಿನ ಮಳೆ ನಿಮಗೇ ಗೊತ್ತು. ನಾಲ್ಕು ಹನಿ ಬಿದ್ದು ನಿಂತರೆ ಧೂಳು ಕೆಸರಾಗಿ ಜಾರಿ, ಪ್ಯಾನೆಲ್ ಕೆಳಗಿನ ಅಲ್ಯೂಮಿನಿಯಂ ಅಂಚಿಗೆ ಬಂದು ಕೂರುತ್ತೆ. ಅರ್ಧ ಇಂಚಿನ ಪಟ್ಟಿ, ಒಣಗಿದರೆ ಸಿಮೆಂಟ್ ಥರ. ಆ ಸಾಲಿನ ಸೆಲ್‌ಗಳ ಮೇಲೆ ಅಷ್ಟು ನೆರಳು ಬಿದ್ದರೂ ಪ್ಯಾನೆಲ್‌ನ ದೊಡ್ಡ ಭಾಗವೇ ಸೊರಗುತ್ತೆ, ಯಾಕೆಂದರೆ ಸೆಲ್‌ಗಳು ಸರಪಳಿ ಹಾಗೆ ಒಂದಕ್ಕೊಂದು ಜೋಡಿಸಿರುತ್ತವೆ. ಒರೆಸುವಾಗ ನಡುವೆ ಮಾತ್ರ ಫಳಫಳ ಮಾಡಿ ಇಳಿಯಬೇಡಿ, ಆ ಅಂಚನ್ನು ಮೊದಲು ತೆಗೆಯಿರಿ.

ಯಾವ ನೀರು ಅನ್ನುವುದೂ ಮುಖ್ಯ. ಮೊದಲ ಸಲ ನಾನು ಬೋರ್ ನೀರು ಹಾಕಿದೆ. ಸ್ನಾನದ ಬಕೆಟ್‌ಗೆ ಬಿಳಿ ಉಪ್ಪು ಹಿಡಿಯುವ ನೀರು ಅದು, ಗಾಜಿನ ಮೇಲೂ ಹನಿ ಹನಿ ಕಲೆ ಬಿಟ್ಟಿತು, ವಿನೆಗರ್ ನೀರಿನಲ್ಲಿ ಬಟ್ಟೆ ಅದ್ದಿ ಉಜ್ಜಿದ ಮೇಲೆ ಹೋಯಿತು. ಪಕ್ಕದ ಮನೆಯವರು ಆರ್‌ಓ ಮಷಿನ್ನಿನ ವೇಸ್ಟ್ ನೀರು ಹಾಕಿ ಅಂದರು, ಅದರಲ್ಲಿ ಉಪ್ಪು ಇನ್ನೂ ಜಾಸ್ತಿ. ಈಗ ನಲ್ಲಿ ನೀರು ಬರುವ ದಿನವೇ ನಮ್ಮ ಪ್ಯಾನೆಲ್‌ಗೂ ಸ್ನಾನ. ಬೆಳಗ್ಗೆ ಆರೂವರೆ ಒಳಗೆ ಮುಗಿಸುತ್ತೇನೆ. ಮಧ್ಯಾಹ್ನ ಕಾದ ಗಾಜಿನ ಮೇಲೆ ತಣ್ಣೀರು ಸುರಿದರೆ ಬಿರುಕು ಬಿಡುವ ಅಪಾಯ ಇದೆ. ಸೋಪಿನ ಪುಡಿ ಬೇಡ, ಪಾತ್ರೆ ಉಜ್ಜುವ ತಂತಿ ಬ್ರಶ್ ಬೇಡವೇ ಬೇಡ.

ಹಾಕಿದವರ ಬಗ್ಗೆ ಹೇಳದೇ ಇರುವುದಕ್ಕೆ ಆಗಲ್ಲ, ಹೆಸರು ಮಾತ್ರ ಬೇಡ. ಬಂದ ಹುಡುಗರಲ್ಲಿ ಒಬ್ಬ ನಟ್ಟು ಬಿಗಿಯುವುದಕ್ಕೆ ಸಲೀಸಾಗಿ ಪ್ಯಾನೆಲ್ ಮೇಲೇ ಹತ್ತಿ ನಿಂತ. ನಾನು ಕೂಗಿದೆ. "ಏನಾಗಂಗಿಲ್ಲ ಬಿಡ್ರಿ ಸಾರ್, ಗಾಜು ಗಟ್ಟಿ ಐತಿ" ಅಂದ. ಗಾಜು ಗಟ್ಟಿಯೇ, ಕೆಳಗಿನ ಸೆಲ್ ಹಪ್ಪಳ ಇದ್ದಂಗೆ. ಕಣ್ಣಿಗೆ ಕಾಣದ ಬಿರುಕು ಬಿಟ್ಟರೆ ಎರಡು ಮೂರು ವರ್ಷ ಆದ ಮೇಲೆ ಗೊತ್ತಾಗುತ್ತೆ, ಆಗ ವಾರಂಟಿ ಕೇಳಿದರೆ ಯಾರೂ ಒಪ್ಪಲ್ಲ. ಪ್ಯಾನೆಲ್‌ಗೆ 10–12 ವರ್ಷ, ಉತ್ಪಾದನೆಗೆ 25–30 ವರ್ಷ ಅಂತ ಎಲ್ಲ ಕಂಪನಿಯೂ ಹೆಚ್ಚುಕಮ್ಮಿ ಒಂದೇ ಥರ ಬರೆದುಕೊಡುತ್ತವೆ. ತುಳಿದದ್ದಕ್ಕೆ ಯಾರೂ ಬರೆದುಕೊಡಲ್ಲ. ಹಾಗಾಗಿ ಕೆಲಸ ನಡೆಯುವ ದಿನ ರಜೆ ಹಾಕಿ ಮಾಳಿಗೆ ಮೇಲೇ ಕೂತಿರಿ. ಪ್ಯಾನೆಲ್ ಮೇಲೇರಿಸುವ ಮೊದಲು ಆರೂ ಸೀರಿಯಲ್ ನಂಬರಿನ ಫೋಟೋ ತೆಗೆದುಕೊಳ್ಳಿ, ಬಿಲ್ಲಿನ ನಂಬರ್ ಜೊತೆ ಹೊಂದಿಸಿ ನೋಡಿ. ಅರ್ಥಿಂಗ್‌ಗೆ ಮೂರು ಗುಂಡಿ ತೋಡಬೇಕು, ಜಾಗ ಮೊದಲೇ ಯೋಚಿಸಿಡಿ. ನಮ್ಮಲ್ಲಿ ಒಂದು ತುಳಸಿ ಕಟ್ಟೆ ಪಕ್ಕಕ್ಕೇ ಬಂತು, ಅಮ್ಮ ಎರಡು ದಿನ ಮಾತು ಬಿಟ್ಟಿದ್ದರು.

ನೀವು ನಿಜಕ್ಕೂ ಚೌಕಾಶಿ ಮಾಡಬೇಕಾದದ್ದು ಸ್ಟ್ರಕ್ಚರ್ ಮೇಲೆ, ಅಂದರೆ ಪ್ಯಾನೆಲ್ ಹೊರುವ ಕಬ್ಬಿಣದ ಚೌಕಟ್ಟಿನ ಮೇಲೆ. ಅಗ್ಗದ ಕೊಟೇಷನ್‌ನಲ್ಲಿ ಕಬ್ಬಿಣ ತೆಳು ಇರುತ್ತೆ, ಬಣ್ಣ ಬಳಿದು ಕೊಡುತ್ತಾರೆ. ಸತುವಿನಲ್ಲಿ ಮುಳುಗಿಸಿ ತೆಗೆದ ಜಿಐ ಕಂಬವೇ ಬೇಕು ಅಂತ ಬರೆಸಿಕೊಳ್ಳಿ. ಮೇ ತಿಂಗಳ ಸಂಜೆ ಗಾಳಿ ಎದ್ದರೆ ತಗಡಿನ ಶೀಟು ಹಾರಿಹೋಗುವ ಊರು ನಮ್ಮದು. ಒಂದೊಂದು ಪ್ಯಾನೆಲ್ 30 ಕಿಲೋ ಹತ್ತಿರ ತೂಗುತ್ತೆ, ಹಾರಿದರೆ ಯಾರ ಮನೆ ಮೇಲೆ? ಸ್ಲ್ಯಾಬಿಗೆ ತೂತು ಹೊಡೆಯುವ ಬದಲು ಕಾಂಕ್ರೀಟ್ ದಿಮ್ಮಿ ಕಟ್ಟಿಸಿ ಅದರಲ್ಲಿ ಕಂಬ ನಿಲ್ಲಿಸಿದೆವು, ಸೋರುವ ಚಿಂತೆ ಇಲ್ಲ.

ಎತ್ತರದ ವಿಷಯಕ್ಕೆ ಮನೆಯಲ್ಲಿ ದೊಡ್ಡ ಪಂಚಾಯ್ತಿಯೇ ನಡೆಯಿತು. ಮಾಮೂಲಿ ರೇಟಿನಲ್ಲಿ ಎರಡು ಅಡಿ ಎತ್ತರ ಅಷ್ಟೇ. ಅಮ್ಮ ಕೇಳಿದ್ದು ಒಂದೇ ಮಾತು, "ಸಂಡಿಗೆ ಎಲ್ಲಿ ಒಣಗ್ಸಲಿ, ಮೆಣಸಿನಕಾಯಿ ಎಲ್ಲಿ ಹರವಲಿ, ಬ್ಯಾಸಿಗ್ಯಾಗ ಎಲ್ಲಿ ಮಲಗೋದು?" 18,000 ಜಾಸ್ತಿ ಕೊಟ್ಟು ಎಂಟು ಅಡಿಗೆ ಎತ್ತರಿಸಿದೆವು. ಅವತ್ತು ದಂಡ ಅನಿಸಿತ್ತು. ಈಗ ಕೆಳಗೆ ಗಾಳಿ ಆಡುವುದರಿಂದ ಪ್ಯಾನೆಲ್‌ಗೂ ಒಳ್ಳೆಯದು, ನೆರಳು ಬೀಳುವುದರಿಂದ ಕೆಳಗಿನ ಮಲಗುವ ಕೋಣೆಯ ಛಾವಣಿ ಮೊದಲಿನಷ್ಟು ಕಾಯಲ್ಲ. ಒರೆಸುವುದಕ್ಕೆ ಮಾತ್ರ ಉದ್ದ ಕೋಲಿನ ಬ್ರಶ್ಶೂ ಏಣಿಯೂ ಬೇಕು. ಹಾಕಿಸುವಾಗಲೇ ಒಂದು ಪೈಪ್‌ಲೈನ್ ಮೇಲಕ್ಕೆ ಎಳೆಸಿ. ನಾನು ಎಳೆಸಲಿಲ್ಲ, ಈಗ ಬಕೆಟ್ ಹೊರುತ್ತಿದ್ದೇನೆ.

ಇನ್ನೊಂದು, ಡೀಲರ್‌ಗಳು ಬಾಯಿ ಬಿಡದ ವಿಷಯ. ಬ್ಯಾಟರಿ ಇಲ್ಲದೆ ನೇರ ಕರೆಂಟ್ ಲೈನಿಗೆ ಜೋಡಿಸುವ ಆನ್‌ಗ್ರಿಡ್ ಹಾಕಿಸಿದರೆ, ಕರೆಂಟ್ ಹೋದಾಗ ಸೋಲಾರ್ ಕೂಡ ನಿಲ್ಲುತ್ತೆ. ಸೂರ್ಯ ನೆತ್ತಿ ಮೇಲೆ ಇದ್ದರೂ. ಲೈನ್‌ಮನ್ ಕಂಬ ಹತ್ತಿ ರಿಪೇರಿ ಮಾಡುವಾಗ ನಮ್ಮ ಮನೆಯಿಂದ ತಂತಿಗೆ ಕರೆಂಟ್ ಹರಿಯಬಾರದು ಅಂತ ಹಾಗೆ ಮಾಡಿರುತ್ತಾರೆ, ಸರಿಯೇ. ಆದರೆ ಮೊದಲ ಸಲ ಕರೆಂಟ್ ಹೋದಾಗ ಮನೆಯವರೆಲ್ಲ ನನ್ನ ಮುಖ ನೋಡಿದರು. ಬ್ಯಾಟರಿ ಜೊತೆಗಿನ ಹೈಬ್ರಿಡ್‌ಗೆ ಖರ್ಚು ತುಂಬಾ ಏರುತ್ತೆ, ನಮ್ಮ ಹಳೇ ಯುಪಿಎಸ್ಸೇ ಸಾಕು ಅಂತ ಬಿಟ್ಟೆ.

ಜೆಸ್ಕಾಂನವರು ಬಂದು ಎರಡು ಕಡೆ ಓಡುವ ಮೀಟರ್ ಕೂರಿಸಿದ ಮೇಲೆ ತಿಂಗಳಿಗೆ 350 ಯೂನಿಟ್ ಆಸುಪಾಸು ಬರುತ್ತಿದೆ, ಮೋಡದ ಜುಲೈ ಆಗಸ್ಟ್‌ನಲ್ಲಿ ಕಮ್ಮಿ. ಬಿಲ್ ಸೊನ್ನೆ ಆಗಲ್ಲ, ಫಿಕ್ಸೆಡ್ ಚಾರ್ಜ್ ಇದ್ದೇ ಇರುತ್ತೆ. ಬಳಸಿ ಉಳಿದದ್ದನ್ನು ಅವರು ತಗೊಳ್ಳುವ ದರ ನಾವು ಕೊಡುವ ದರಕ್ಕಿಂತ ಕಮ್ಮಿ, ಹಾಗಾಗಿ ಮಾರಿ ದುಡ್ಡು ಮಾಡುವ ಆಸೆಗೆ ಐದು ಕಿಲೋವ್ಯಾಟ್ ಹಾಕಬೇಡಿ. ಸಬ್ಸಿಡಿ ಕಳೆದು ನಮ್ಮ ಕೈಯಿಂದ ಹೋದದ್ದು ಸುಮಾರು ಒಂದು ಲಕ್ಷ ಇಪ್ಪತ್ತು ಸಾವಿರ. ಯೂನಿಟ್‌ಗೆ ಆರೂವರೆ ಹಿಡಿದರೂ ನಾಲ್ಕೂವರೆ ಐದು ವರ್ಷಕ್ಕೆ ವಾಪಸ್.

ನಾಳೆ ನಲ್ಲಿ ನೀರು ಬರುವ ದಿನ. ಎದುರು ಮನೆಯವರೂ ಐದೂವರೆಗೇ ಬ್ರಶ್ ಹಿಡಿದು ಏಣಿ ಹತ್ತುತ್ತಾರೆ, ಮೊನ್ನೆ 14.3 ಬಂತು ಅಂತ ಇವತ್ತು ಎರಡು ಸಲ ಕೇಳಿಸುವ ಹಾಗೆ ಹೇಳಿದ್ದಾರೆ.