ನಿಮ್ಮ ಮಾಂತ್ರಿಕ ಯಾರು: ವಿಝರ್ಡ್, ಸಾರ್ಸರರ್ ಅಥವಾ ವಾರ್ಲಾಕ್?

ಕಾದಂಬರಿಯ ಮಾಂತ್ರಿಕನನ್ನು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಪಾತ್ರ ವಹಿಸಿ ಆಡುವ ಆಟದ ಐದನೇ ಆವೃತ್ತಿಗೆ ತರುವಾಗ ಅವನ ಗಡ್ಡ, ಕೋಲು ನೋಡಬೇಡಿ. ಶಕ್ತಿ ಎಲ್ಲಿಂದ ಬಂತು ಎಂದು ಕೇಳಿ; ಈ ಮೂರು ಪಾತ್ರವರ್ಗಗಳಲ್ಲಿ ಅವನದು ಯಾವುದು ಎಂದು ಅದೇ ಹೇಳುತ್ತದೆ.

ಓದಿ ಕಲಿತವನಾದರೆ ವಿಝರ್ಡ್. ಬುದ್ಧಿಶಕ್ತಿಯೇ ಅವನ ಬಂಡವಾಳ. ಮೊದಲ ಹಂತದಲ್ಲಿ ಮಂತ್ರಪುಸ್ತಕದಲ್ಲಿ 6 ಮಂತ್ರ, ಆಮೇಲೆ ಹಂತಕ್ಕೆ 2. ಆಟದಲ್ಲಿ ಸಿಕ್ಕ ಮಂತ್ರದ ಸುರುಳಿಗಳಿಂದಲೂ ಬರೆದುಕೊಳ್ಳಬಹುದು. ಈ ಹುಡುಕಾಟವೇ ನನಗೆ ಅತ್ಯಂತ ಪ್ರಿಯ. ಉರ್ಸುಲಾ ಲೆ ಗ್ವಿನ್‌ರ ಅರ್ಥ್‌ಸೀ ಕಾದಂಬರಿಗಳಲ್ಲಿ ರೋಕ್ ದ್ವೀಪದ ಶಾಲೆಯಲ್ಲಿ ವಸ್ತುಗಳ ನಿಜನಾಮ ಕಲಿತ ಗೆಡ್ ಇಲ್ಲಿ ಸರಿಯಾಗಿ ಹೊಂದುತ್ತಾನೆ.

ಶಕ್ತಿ ಹುಟ್ಟಿನಿಂದಲೇ ಬಂದಿದ್ದರೆ ಸಾರ್ಸರರ್. ಮಂತ್ರಗಳ ಆಯ್ಕೆ ಕಡಿಮೆ, ಆದರೆ ಮೆಟಾಮ್ಯಾಜಿಕ್ ಇದೆ: ಒಬ್ಬನಿಗೆ ಹಾಕುವ ಮಂತ್ರವನ್ನು ಇಬ್ಬರಿಗೆ ತಟ್ಟಿಸಬಹುದು, ತುಟಿ ಅಲುಗಿಸದೆಯೂ ಪ್ರಯೋಗಿಸಬಹುದು. ‘ಲಾರ್ಡ್ ಆಫ್ ದ ರಿಂಗ್ಸ್’ನ ಗ್ಯಾಂಡಾಲ್ಫ್‌ನನ್ನು ಎಲ್ಲರೂ ವಿಝರ್ಡ್ ಮಾಡುತ್ತಾರೆ. ಅವನು ಮಾನವರೂಪ ತಾಳಿದ ಮೈಯಾ, ಅಂದರೆ ದೈವಿಕ ಚೇತನ; ಪುಸ್ತಕ ಹಿಡಿದು ಮಂತ್ರ ಉರುಹೊಡೆಯುವವನಲ್ಲ. ನಾನಾದರೆ ಸಾರ್ಸರರ್ ಎನ್ನುತ್ತೇನೆ.

ಒಪ್ಪಂದದಿಂದ ಶಕ್ತಿ ಪಡೆದವನು ವಾರ್ಲಾಕ್. ಆರಿಯೋಕ್ ಎಂಬ ದುಷ್ಟದೈವವನ್ನು ಕರೆಯುವ, ಕರಿಖಡ್ಗ ಹಿಡಿದ, ಮೈಕೆಲ್ ಮೂರ್ಕಾಕ್‌ನ ಕಥಾನಾಯಕ ಎಲ್ರಿಕ್‌ಗೆ ಹೇಳಿಮಾಡಿಸಿದ್ದು. ಮಂತ್ರಪ್ರಯೋಗದ ಅವಕಾಶ ಬೆರಳೆಣಿಕೆಯಷ್ಟು, ಆದರೆ ಒಂದು ಗಂಟೆಯ ವಿಶ್ರಾಂತಿಗೇ ಮರಳಿ ಸಿಗುತ್ತದೆ. ಮೊದಲ ಸಲ ಆಡುವವರು ಇದನ್ನೇ ಹಿಡಿಯಿರಿ, ಲೆಕ್ಕದ ತಲೆನೋವು ಕಡಿಮೆ.